ಮೈಕ್ ಗಿರಿಯೂ ಬಾರದ ಆನೆಯೂ

ಬಣಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗಿರಿ ‘ಹಲೋ’ ಎಂದರೆ ಚಾರ್ಮಾಡಿ ಘಾಟಿಯ ಕೆಳಗೆ ಉಜಿರೆಯಲ್ಲಿ ಯಾರೋ ಫೋನ್ ಎತ್ತಿ ‘ಯಾರು ಮಾತಾಡೋದು?’ ಎಂದು ಕೇಳುತ್ತಾರೆ. ಇದರಲ್ಲಿ ಅರ್ಧ ಸುಳ್ಳು ಎನ್ನುವವರೂ ಇದ್ದಾರೆ. ಅವರು ಮೈಕ್ ಇಲ್ಲದ ಗಿರಿಯನ್ನು ಮಾತ್ರ ಕೇಳಿದವರು. ಮೈಕ್ ಕೈಗೆ ಬಂತೆಂದರೆ ಗಿಡದ ಮೇಲಿನ ಹಸಿರು ಕಾಫಿಕಾಯಿ ಗಾಬರಿಯಿಂದ ಹಣ್ಣಾಗಿಬಿಡುತ್ತದೆ ಎಂದು ಅವನ ಹೆಂಡತಿ ಅಣ್ಣಮ್ಮನೇ ಹೇಳುತ್ತಾಳೆ, ಮತ್ತು ಅಣ್ಣಮ್ಮ ಹಣ್ಣು ಕೊಯ್ಯುವವಳು, ಅವಳಿಗೆ ಗೊತ್ತಿರುತ್ತದೆ.

ಇಷ್ಟು ದೊಡ್ಡ ಗಂಟಲನ್ನು ಹೊತ್ತ ಮನುಷ್ಯ ನೋಡಲು ಹುರಿಗಾಳಿನಂತಿದ್ದಾನೆ. ವಯಸ್ಸು ಐವತ್ತು ದಾಟಿದೆ. ರೇಣುಕಪ್ರಸಾದರ ಎಸ್ಟೇಟಿನಲ್ಲಿ ಜೀಪು ಓಡಿಸುವುದು ಕೆಲಸ. ಕೆಲಸದವರಿಗೆಂದು ಎಸ್ಟೇಟಿನವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಕೊನೆಯದು ಅವನದು. ಅವನದು ಎಂದರೆ, ಕೀಲಿಕೈ ಅವನದು, ಬಾಗಿಲು ಎಸ್ಟೇಟಿನದು.

ಗಿರಿಯ ಅಪ್ಪ ಗುರುವಯ್ಯನೂ ಅದೇ ತೋಟದ ಆಳು. ಎಪ್ಪತ್ತರ ದಶಕದಲ್ಲಿ ‘ಉಳುವವನೇ ಭೂಮಿಯ ಒಡೆಯ’ ಎಂಬ ಕೂಗು ರಾಜ್ಯದ ತುಂಬ ಎದ್ದಾಗ ಗುರುವಯ್ಯ ಮೂಡಿಗೆರೆಯ ಸಭೆಗೆ ನಡೆದೇ ಹೋದ. ಎಲ್ಲರಿಗಿಂತ ಜೋರಾಗಿ ಕೂಗಿದ. ವಾಪಸು ಬರುವಾಗ ಯಾವ ಗುಡ್ಡ ತನಗೆ, ಯಾವ ಗುಡ್ಡ ತಮ್ಮನಿಗೆ ಎಂದು ದಾರಿಯುದ್ದಕ್ಕೂ ಕೈ ತೋರಿಸಿ ಪಾಲು ಮಾಡಿಕೊಂಡು ಬಂದ. ಎಸ್ಟೇಟಿನ ಲೆಕ್ಕ ನೋಡುವ ರೈಟರು ಅವನನ್ನು ಕೂರಿಸಿ ತಿಳಿಹೇಳಿದರು: “ಕಾಫಿ ತೋಟ ಉಳೋದಲ್ಲ ಮಾರಾಯ. ಕಾನೂನಲ್ಲಿ ಪ್ಲಾಂಟೇಶನ್ನಿಗೆ ವಿನಾಯ್ತಿ ಉಂಟು.” ಎಷ್ಟೋ ಊರುಗಳಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಆ ದೊಡ್ಡ ಕಾನೂನು ಬಯಲಿನಿಂದ ಹೊರಟು ವಸ್ತಾರೆ ದಾಟುವಷ್ಟರಲ್ಲಿ ಏದುಸಿರು ಬಂದು, ಗದ್ದೆಗಳಲ್ಲೇ ಕೂತುಬಿಟ್ಟಿತು. ಗುಡ್ಡ ಹತ್ತಲಿಲ್ಲ.

ಆದರೆ ಅದೇ ಕಾಲದ ಇನ್ನೊಂದು ಫಲ ನಿಧಾನವಾಗಿ ಮೂಡಿಗೆರೆಯವರೆಗೆ ಬಂತು. ಅದು ಹಾಸ್ಟೆಲ್ಲು. ಅಪ್ಪನಿಗೆ ಸಿಗದ ಭೂಮಿಯ ಬದಲು ಮಗನಿಗೆ ಎರಡು ಹೊತ್ತಿನ ಅನ್ನ, ಒಂದು ಕಬ್ಬಿಣದ ಮಂಚ, ಕಾಲೇಜು ಸಿಕ್ಕಿತು. ಅಲ್ಲಿ ಗಿರಿ ವಿದ್ಯಾರ್ಥಿ ಸಂಘದ ಜಂಟಿ ಕಾರ್ಯದರ್ಶಿ ಸ್ಥಾನಕ್ಕೆ ನಿಂತ. ಎದುರಾಳಿ ಪ್ಲಾಂಟರ ಮಗ. ಅವನ ಕಡೆ ಎರಡು ಜೀಪು, ಬಣ್ಣದ ಪೋಸ್ಟರು, ಪಕ್ಷದ ದೊಡ್ಡವರ ಆಶೀರ್ವಾದ. ಗಿರಿಯ ಕಡೆ ಗಂಟಲು. ಗಿರಿ ಗೆದ್ದ. ಅದಾದ ಸ್ವಲ್ಪ ದಿನಕ್ಕೆ ರಾಜ್ಯದಲ್ಲಿ ಕಾಲೇಜು ಚುನಾವಣೆಗಳೇ ನಿಂತುಹೋದವು. ಗಲಾಟೆ ಹೆಚ್ಚಾಯಿತೆಂದು ನಿಲ್ಲಿಸಿದರು ಎನ್ನುತ್ತಾರೆ. ಗಿರಿಯ ಗಂಟಲಿಗೆ ಹೆದರಿ ನಿಲ್ಲಿಸಿದರು ಎಂಬುದು ಬಣಕಲ್ಲಿನ ಇತಿಹಾಸ. ಅಲ್ಲಿಂದೀಚೆಗೆ ಯಾರೂ ಆಯ್ಕೆಯಾಗಿ ಬಂದು ಅವನಿಂದ ಅಧಿಕಾರ ವಹಿಸಿಕೊಂಡಿಲ್ಲವಾದ್ದರಿಂದ, ನ್ಯಾಯವಾಗಿ ನೋಡಿದರೆ ಅವನು ಇವತ್ತಿಗೂ ಜಂಟಿ ಕಾರ್ಯದರ್ಶಿಯೇ.

ಓದು ಅರ್ಧಕ್ಕೆ ನಿಂತಿತು. ಗುರುವಯ್ಯ ಹಾಸಿಗೆ ಹಿಡಿದಿದ್ದ. ಗಿರಿ ಸ್ಟೇರಿಂಗ್ ಹಿಡಿದ. ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷದವರೂ ಅವನ ಗಂಟಲನ್ನು ಕೇಳಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಒಬ್ಬರನ್ನು ಬಡವರ ಬಂಧು ಎಂದ ಬಾಯಿ, ಕೊಟ್ಟಿಗೆಹಾರದಲ್ಲಿ ಬಾವುಟ ಬದಲಿಸಿಕೊಂಡು, ಸಂಜೆ ಇನ್ನೊಬ್ಬರನ್ನು ಬಡವರ ಬಂಧು ಎನ್ನುತ್ತಿತ್ತು. ಬಡವರಿಗೆ ಈ ಸೀಮೆಯಲ್ಲಿ ಇಷ್ಟು ಬಂಧುಗಳಿದ್ದಾರೆಂದು ಗಿರಿಯಿಂದಲೇ ತಿಳಿದದ್ದು.

ಹೀಗೆ ಯಾರೂ ನಂಬದಿದ್ದ ಆ ಗಂಟಲನ್ನು ಜನ ನಂಬುವಂತೆ ಮಾಡಿದ್ದು ಆನೆ.

ಇಲ್ಲಿ ಒಂದಕ್ಕೆ ಎರಡು ಸೇರಿಸುವುದು ಬೇಡ. ಕೆಲವು ವರ್ಷಗಳ ಹಿಂದೆ ಪಕ್ಕದ ತೋಟದ ಹೆಣ್ಣಾಳೊಬ್ಬಳು ಬೆಳಗಿನ ಹಾಜರಿಗೆಂದು ಹೊರಟವಳು ದೇವರಮನೆ ರಸ್ತೆಯ ತಿರುವಿನಲ್ಲಿ ಆನೆಯ ಕಾಲಿಗೆ ಸಿಕ್ಕಳು. ಆನೆ ಅಲ್ಲಿರುವುದು ಹಿಂದಿನ ಸಂಜೆಯೇ ಹಲವರಿಗೆ ಗೊತ್ತಿತ್ತು. ಯಾರೂ ಕೂಗಿ ಹೇಳಿರಲಿಲ್ಲ. ಆಮೇಲೆ ಫಾರೆಸ್ಟಿನವರು ಗಿರಿಯನ್ನು ಕೇಳಿದರು, ರೇಣುಕಪ್ರಸಾದರು ಜೀಪು ಕೊಟ್ಟರು. ಅಂದಿನಿಂದ ಆನೆ ಬಂದ ಸುದ್ದಿ ಸಿಕ್ಕ ಕೂಡಲೇ ಗಿರಿ ಮೈಕ್ ಕಟ್ಟಿಕೊಂಡು ಲೈನ್‌ಗಳ ಮುಂದೆ ಹೋಗುತ್ತಾನೆ. ಅವನ ದನಿ ಕೇಳಿದರೆ ಸಾಕು, ಜನ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಆನೆ ಹೋಯಿತು ಎಂದು ಕೂಗುವ ಪದ್ಧತಿ ಮಾತ್ರ ಇಲ್ಲ. ಹೋಯಿತು ಎಂದು ಖಾತ್ರಿಯಾಗಿ ಹೇಳಲು ಯಾರಿಗಾಗುತ್ತದೆ? ನಾಯಿಗಳು ಬೊಗಳುವುದು ನಿಂತು ಎಷ್ಟೋ ಹೊತ್ತಿನ ಮೇಲೆ ಜನ ತಾವಾಗಿಯೇ ಹೊರಗೆ ಬರುತ್ತಾರೆ.

ಗಿರಿಯ ಒಬ್ಬಳೇ ಮಗಳು ಅರ್ಚನಾ. ಮೂಡಿಗೆರೆಯಲ್ಲಿ ಬಿ.ಎ. ಕೊನೆಯ ವರ್ಷ. ಅಪ್ಪನ ಗಂಟಲು ಅವಳಿಗೆ ಬಂದಿಲ್ಲ; ಮೆಲ್ಲಗೆ ಮಾತಾಡುತ್ತಾಳೆ, ಆದರೆ ಹಿಡಿದ ಮಾತು ಬಿಡುವುದಿಲ್ಲ. ಲೈನ್‌ಗಳಿಂದ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಸಂಜೆ ಬಸ್ಸು ಇಲ್ಲವೆಂದು ಡಿಪೋ ಮುಂದೆ ಕೂತು ಬಸ್ಸು ತರಿಸಿದವಳು. ಕಾಲೇಜುಗಳಲ್ಲಿ ಮತ್ತೆ ಚುನಾವಣೆ ಆಗಬೇಕೆಂದು ಸಹಿ ಹಾಕಿಸುತ್ತ ತಿರುಗಿದವಳು. ಬಡವರ ಪರ ಕಾನೂನು ತಂದ ಪರಂಪರೆ ತನ್ನದು ಎಂದು ಹೇಳಿಕೊಳ್ಳುವ ಪಕ್ಷದ ವಿದ್ಯಾರ್ಥಿ ಘಟಕಕ್ಕೆ ಸೇರಿದ್ದಳು. ಆ ಪಕ್ಷಕ್ಕೆ ತಾಲ್ಲೂಕಿನಲ್ಲಿ ಮುಖಂಡರು ಯಾರೆಂದರೆ, ರೇಣುಕಪ್ರಸಾದರು. ಭೂಸುಧಾರಣೆಯ ಬಗ್ಗೆ ಅವರು ಭಾಷಣ ಮಾಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಅವರ ಭೂಮಿ ಕಣ್ಣಿಗೆ ನಿಲುಕುವುದಿಲ್ಲ.

ಕಳೆದ ಡಿಸೆಂಬರಿನ ಒಂದು ಭಾನುವಾರ ವಿದ್ಯಾರ್ಥಿ ಘಟಕದ ತಾಲ್ಲೂಕು ಅಧ್ಯಕ್ಷರ ಆಯ್ಕೆ. ಮಧ್ಯಾಹ್ನ ಮೂರಕ್ಕೆ ಬಣಕಲ್ಲಿನ ಸಮುದಾಯ ಭವನ. ಬಂದ ವಿದ್ಯಾರ್ಥಿಗಳು ಕೈ ಎತ್ತಬೇಕು, ಹೆಚ್ಚು ಕೈ ಯಾರಿಗೋ ಅವರು ಅಧ್ಯಕ್ಷರು. ನಿಂತವರು ಇಬ್ಬರು: ಅರ್ಚನಾ, ಮತ್ತು ರೇಣುಕಪ್ರಸಾದರ ತಮ್ಮನ ಮಗ ದರ್ಶನ್. ದರ್ಶನ್ ಪಕ್ಷಕ್ಕೆ ಬಂದು ಬಹಳ ದಿನವಾಗಿರಲಿಲ್ಲ, ಆದರೆ ಅವನ ಬಿಳಿ ಅಂಗಿ ಹುಟ್ಟಿದಾಗಿನಿಂದ ರಾಜಕೀಯದಲ್ಲೇ ಇದ್ದಂತಿತ್ತು. ಪೇಟೆಯ ಹುಡುಗರು ಅವನ ಕಡೆ. ಅರ್ಚನಾಳ ಕೈಗಳೆಲ್ಲ ದೇವರಮನೆ ರಸ್ತೆಯ ಲೈನ್‌ಗಳಿಂದ ಬರಬೇಕು.

ಬೆಳಿಗ್ಗೆ ಹೊರಡುವಾಗ ಅವಳು ಅಪ್ಪನನ್ನು ರೇಗಿಸಿದಳು.

“ಅಪ್ಪ, ಊರಲ್ಲಿರೋ ಪಕ್ಷಕ್ಕೆಲ್ಲ ಓಟು ಕೇಳಿದ್ದೀಯ. ನಂಗೊಂದ್ಸಲ ಕೇಳು.”

“ನಿನ್ನ ಕಡೆಯಿಂದ ಡೀಸೆಲ್ ಯಾರು ಹಾಕ್ತಾರೆ?”

“ಪುಕ್ಕಟೆ ಕೂಗು. ನೀನು ಕೂಗಿದವ್ರಲ್ಲಿ ಒಬ್ರಾದ್ರೂ ಒಳ್ಳೇವ್ರು ಅಂತ ಆಗ್ಲಿ.”

ಅಣ್ಣಮ್ಮ ಒಳಗಿನಿಂದ ನಕ್ಕಳು. ಗಿರಿಯೂ ನಕ್ಕ. ಮಗಳು ಹೋದ ಸ್ವಲ್ಪ ಹೊತ್ತಿಗೆ, ಸಾವ್ಕಾರ್ರು ಕರೆಯುತ್ತಾರೆಂದು ಸುದ್ದಿ ಬಂತು.

ರೇಣುಕಪ್ರಸಾದರು ಕಣದಲ್ಲಿ ನಿಂತಿದ್ದರು. ಒಣಗಲು ಹರಡಿದ ಕಾಫಿಯನ್ನು ಕಾಲಿನಿಂದ ಮೆಲ್ಲಗೆ ಕೆದಕುತ್ತ, ಗಿರಿಯ ಮುಖ ನೋಡದೆ ಮಾತು ಶುರುಮಾಡಿದರು.

“ದೇವರಮನೆ ಕಡೆ ಆನೆ ಬಂದಿದ್ಯಂತಲ್ಲ ಮಾರಾಯ.”

“ಇಲ್ಲ ಸಾವ್ಕಾರ್ರೆ. ಬೆಳಿಗ್ಗೆ ಫಾರೆಸ್ಟಿನವ್ರ ಹತ್ರ ಕೇಳ್ದೆ. ಗುಂಪು ಆಲ್ದೂರು ಕಡೆ ಇದ್ಯಂತೆ.”

“ಬರೋಕೆ ಎಷ್ಟು ಹೊತ್ತು? ಆನೆ ಏನು ಟಿಕೆಟ್ ತಗೊಂಡು ಬರುತ್ತಾ? ಒಂದ್ಸಲ ಹೋಗಿ ಕೂಗಿ ಬಾ. ಎರಡು ಗಂಟೆ ಹೊತ್ತಿಗೆ.”

ಗಿರಿಗೆ ಅರ್ಥವಾಯಿತು. ಎರಡಕ್ಕೆ ಕೂಗಿದರೆ ಮೂರಕ್ಕೆ ಆ ಲೈನ್‌ಗಳಿಂದ ಒಂದು ಕೋಳಿಯೂ ಹೊರಗೆ ಬರುವುದಿಲ್ಲ.

“ಸಾವ್ಕಾರ್ರೆ, ಇವತ್ತು ನನ್ನ ಮಗಳು…”

“ಗೊತ್ತು ಮಾರಾಯ. ಒಳ್ಳೇ ಹುಡುಗಿ. ವಯಸ್ಸಿದೆ, ಮುಂದೆ ನೋಡೋಣ. ಈಗ ಓದಿ ಮುಗಿಸ್ಲಿ.” ಕಾಲು ನಿಂತಿತು. “ಮತ್ತೆ, ಬೆಳಗಾವಿ ಕಡೆಯ ಡ್ರೈವರೊಬ್ಬ ಬಂದಿದ್ದಾನೆ. ಸಂಸಾರ ಇದೆ, ಮನೆ ಬೇಕು ಅಂತಾನೆ. ಲೈನಲ್ಲಿ ಖಾಲಿ ಇಲ್ಲ ಅಂದಿದ್ದೀನಿ. ಸದ್ಯಕ್ಕೆ.”

‘ಸದ್ಯಕ್ಕೆ’ ಎಂಬ ಆ ಒಂದು ಮಾತು ಕಣದಿಂದ ಲೈನ್ ಮನೆಯವರೆಗೆ ಗಿರಿಯ ಹಿಂದೆಯೇ ನಡೆದು ಬಂತು. ಊಟಕ್ಕೆ ಕೂತಾಗ ತಟ್ಟೆಯ ಎದುರು ಅದೂ ಕೂತಿತ್ತು. ಗಿರಿ ಹೆಂಡತಿಗೆ ಎಲ್ಲ ಹೇಳಿದ. ಅಣ್ಣಮ್ಮ ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟಳು.

“ಕೂಗದಿದ್ರೆ ಮನೆ ಹೋಗುತ್ತೆ.”

“ಹೌದು.”

“ಕೂಗಿದ್ರೆ ಮಗಳು ಸೋಲ್ತಾಳೆ.”

“ಅದೊಂದೇ ಅಲ್ಲ ಅಣ್ಣಿ. ಸುಳ್ಳು ಅಂತ ಒಂದಿನ ಗೊತ್ತಾಗುತ್ತೆ. ಆಮೇಲೆ ಆನೆ ಬಂದಾಗ ಕೂಗಿದ್ರೂ ಜನ ನಗ್ತಾ ನಿಲ್ತಾರೆ. ಆ ತಿರುವಿನಲ್ಲಿ ಹೋದ್ಲಲ್ಲ, ಹಾಗೆ ಇನ್ನೊಬ್ಳು ಹೋದ್ರೆ?”

“ಹಾಗಾದ್ರೆ ಕೂಗ್ಬೇಡಿ.”

“ಮನೆ?”

ಅಣ್ಣಮ್ಮ ಗೋಡೆ ನೋಡಿದಳು. ಸುಣ್ಣ ಅವಳೇ ಬಳಿದದ್ದು. “ನನ್ನ ಕೇಳ್ಬೇಡಿ. ಎರಡನ್ನೂ ನಾನು ಹೇಳಲಾರೆ. ಬಾಯಿ ನಿಮ್ಮದು.”

ಎರಡು ಗಂಟೆಗೆ ಜೀಪು ದೇವರಮನೆ ರಸ್ತೆ ಹತ್ತಿತು. ಮೇಲೆ ಹಾರ್ನ್ ಸ್ಪೀಕರು, ಮುಂದಿನ ಗಾಜಿನ ಮೇಲೆ ಕೈ ಮುಗಿದ ರೇಣುಕಪ್ರಸಾದರ ಚಿತ್ರ. ಏನು ಮಾಡುತ್ತೇನೆಂದು ಗಿರಿಗೇ ಗೊತ್ತಿರಲಿಲ್ಲ. ಮೊದಲ ಲೈನಿನ ಮುಂದೆ ಹುಡುಗ ಹುಡುಗಿಯರು ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಕರೆದೊಯ್ಯಲು ಬರುವ ಪಿಕಪ್ ಗಾಡಿಗೆ ಕಾಯುತ್ತ ನಿಂತಿದ್ದರು. ಅರ್ಚನಾಳ ಗೆಳತಿ ದೀಪಶ್ರೀ ಇವನನ್ನು ನೋಡಿ ಕೈ ಬೀಸಿದಳು.

ಗಿರಿ ಜೀಪು ನಿಲ್ಲಿಸಿ ಮೈಕ್ ಎತ್ತಿಕೊಂಡ. ಮೈಕ್ ಹಿಡಿದವನ ಬಾಯಿಯಿಂದ ಮೊದಲ ಮಾತು ತಾನಾಗಿಯೇ ಬಂದುಬಿಡುತ್ತದೆ. ಅದಕ್ಕೆ ಯೋಚನೆಯ ಅಪ್ಪಣೆ ಬೇಕಾಗಿಲ್ಲ.

“ಹಲೋ… ಹಲೋ…”

ಅಷ್ಟೇ. ದೀಪಶ್ರೀಯ ಕೈ ಗಾಳಿಯಲ್ಲೇ ನಿಂತಿತು. ಯಾರದೋ ತಾಯಿ ಬಂದು ಮಗಳ ಜಡೆ ಹಿಡಿದು ಎಳೆದುಕೊಂಡು ಹೋದಳು. ಪಟಪಟನೆ ಬಾಗಿಲುಗಳು ಬಿದ್ದವು. ಆ ಬಾಗಿಲುಗಳ ಸದ್ದಿಗೆ ಮೇಲಿನ ಲೈನೂ ಬಾಗಿಲು ಹಾಕಿಕೊಂಡಿತು, ಅದರ ಸದ್ದಿಗೆ ಅದರ ಮೇಲಿನದು. ಹೀಗೆಯೇ ಮುಚ್ಚುತ್ತ ಹೋಗಿ ದೇವರಮನೆಯ ಗುಡಿಯ ಬಾಗಿಲೂ ಮುಚ್ಚಿಕೊಂಡಿತೆಂದು ಹೇಳಿದರೂ ಆಶ್ಚರ್ಯಪಡಬೇಕಾಗಿಲ್ಲ. ರಸ್ತೆಯಲ್ಲಿ ಒಂದು ಜೊತೆ ಹೊಸ ಚಪ್ಪಲಿ ಮಾತ್ರ ಉಳಿದಿತ್ತು.

ಗಿರಿ ಮೈಕ್ ಹಿಡಿದುಕೊಂಡೇ ಕೂತ. ಆನೆ ಎಂಬ ಮಾತನ್ನೇ ಅವನು ಆಡಿರಲಿಲ್ಲ. ಇನ್ನು ಸುಮ್ಮನೆ ಜೀಪು ತಿರುಗಿಸಿದರೆ ಸಾಕು. ಸುಳ್ಳು ಹೇಳಿದ ಹಾಗಾಗಲಿಲ್ಲ, ಸಾವ್ಕಾರರ ಕೆಲಸ ಆಯಿತು, ಮನೆಯೂ ಉಳಿಯಿತು. ಮಗಳು ಕೇಳಿದರೆ ‘ಮೈಕ್ ಟೆಸ್ಟ್ ಮಾಡ್ದೆ’ ಎನ್ನಬಹುದು. ಅದು ನಿಜವೇ ಆಗಿತ್ತು. ಇಷ್ಟು ಅನುಕೂಲವಾದ ನಿಜ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಫೋನು ಹೊಡೆದುಕೊಂಡಿತು. ರೇಣುಕಪ್ರಸಾದರು.

“ಏನ್ ಮಾರಾಯ, ಆಯ್ತಾ?”

“ಎಲ್ರೂ ಬಾಗ್ಲು ಹಾಕ್ಕೊಂಡ್ರು ಸಾವ್ಕಾರ್ರೆ.”

“ಶಭಾಷ್! ನಿನ್ನ ಗಂಟಲಿಗೆ ಚಿನ್ನದ ತಗಡು ಹೊಡೆಸ್ಬೇಕು. ಬಂದ್ಬಿಡು.”

ಗಿರಿ ಗೇರು ಹಾಕಿದ. ಜೀಪು ಅರ್ಧ ತಿರುಗಿತು. ಅಷ್ಟರಲ್ಲಿ ಕಿಟಕಿಯೊಂದು ಒಂದು ಬೆರಳಿನಷ್ಟು ತೆರೆದು, ಮುದುಕಿ ರಾಮಮ್ಮನ ದನಿ ಬಂತು.

“ಗಿರಿಯಣ್ಣ, ಒಂಟಿಯೋ ಗುಂಪೋ?”

ಗಿರಿ ಬ್ರೇಕು ಒತ್ತಿದ.

“ನೀನ್ಯಾಕೆ ಅಲ್ಲೇ ನಿಂತಿದ್ದೀಯ ಮಾರಾಯ? ಗಾಡಿ ಕೆಟ್ಟಿದ್ರೆ ಬಿಟ್ಟು ಒಳಗೆ ಬಾ! ಬಾಗ್ಲು ತೆಗೀತೀನಿ, ಓಡ್ಬಿಡು!”

ಆನೆಗೆ ಹೆದರಿ ಮುಚ್ಚಿದ ಬಾಗಿಲನ್ನು ಈ ಮುದುಕಿ ತನಗಾಗಿ ತೆಗೆಯುತ್ತೇನೆನ್ನುತ್ತಿದ್ದಳು. ಗಿರಿ ಎಂಜಿನ್ ಆಫ್ ಮಾಡಿದ.

“ಆನೆ ಇಲ್ಲ ರಾಮಕ್ಕ.”

“ಇಲ್ದಿದ್ರೆ ನೀನ್ಯಾಕೆ ಬಂದೆ?”

“ಹುಡುಗ್ರನ್ನ ಕರ್ಕೊಂಡು ಹೋಗೋಕೆ. ಮೀಟಿಂಗಿಗೆ.”

“ಆನೆ ಇರೋವಾಗ ಮಕ್ಳನ್ನ ಕರ್ಕೊಂಡು ಹೋಗ್ತೀಯ? ಕುಡ್ದಿದ್ಯಾ?” ಕಿಟಕಿ ಮುಚ್ಚಿತು.

ಗಿರಿ ಇಳಿದು ಬಾಗಿಲು ಬಾಗಿಲು ತಟ್ಟಿದ. ಒಳಗಿನಿಂದ ‘ಶ್!’ ಎಂಬ ಸದ್ದು ಮಾತ್ರ. ಹೊತ್ತು ಹೋಗುತ್ತಿತ್ತು. ಲೈನಿನಲ್ಲಿ ಆನೆ ಇದ್ದಾಗ ಇರುವ ಮೌನವೇ ಆನೆ ಇಲ್ಲದಾಗಲೂ ಹಬ್ಬಿತ್ತು. ಬಾಗಿಲು ತೆರೆಸಲು ಇನ್ನೊಂದೇ ಮಾತಿತ್ತು, ಮತ್ತು ಅದನ್ನು ಆಡಿದರೆ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಅವನು ಜೀಪಿಗೆ ಮರಳಿ, ಮೈಕ್ ಎತ್ತಿ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ.

“ಕೇಳಿ. ಇವತ್ತು ಆನೆ ಇಲ್ಲ. ಇದೆ ಅಂತ ಕೂಗು ಅಂತ ನನ್ನ ಕಳಿಸಿದ್ರು. ನಿಮ್ಮ ಮಕ್ಳು ಮೀಟಿಂಗಿಗೆ ಹೋಗಬಾರ್ದು, ಕೈ ಎತ್ತಬಾರ್ದು ಅಂತ. ಯಾರು ಕಳಿಸಿದ್ದು ಅಂತ ನನ್ನ ಕೇಳ್ಬೇಡಿ. ಜೀಪು ಯಾರದ್ದು ಅಂತ ನಿಮ್ಗೆ ಗೊತ್ತುಂಟು.”

ಮಾತು ಗುಡ್ಡಕ್ಕೆ ಹೊಡೆದು ವಾಪಸು ಬಂತು. ಗಾಜಿನ ಮೇಲೆ ರೇಣುಕಪ್ರಸಾದರು ಕೈ ಮುಗಿದೇ ಇದ್ದರು.

ಬಹಳ ಹೊತ್ತು ಏನೂ ಆಗಲಿಲ್ಲ. ಎರಡೆರಡು ಸಲ ಕೂಗಿ ಕೇಳಿಸಬೇಕಾದ ಮಾತಲ್ಲ ಅದು. ಆಮೇಲೆ ಒಂದು ಬಾಗಿಲು ತೆರೆಯಿತು. ದೀಪಶ್ರೀ ಹೊರಬಂದು, ಮೊದಲು ಕಾಡಿನ ಕಡೆ ನೋಡಿ, ಆಮೇಲೆ ಗಿರಿಯನ್ನು ನೋಡಿ, ರಸ್ತೆಯಲ್ಲಿ ಬಿದ್ದಿದ್ದ ತನ್ನ ಚಪ್ಪಲಿ ಹಾಕಿಕೊಂಡಳು.

“ಪಿಕಪ್ಪಿನವ್ನು ನಿಮ್ಮ ದನಿ ಕೇಳಿ ಕೆಳಗಿಂದ್ಲೇ ತಿರುಗಿಸ್ಕೊಂಡು ಹೋದ ಅಣ್ಣ. ಫೋನ್ ಮಾಡಿದ್ದ.”

“ಜೀಪಿಗೆ ಹತ್ತಿ.”

ಆ ಜೀಪಿನಲ್ಲಿ ಆವತ್ತು ಹತ್ತಿದವರನ್ನು ಬೇರೆ ಬೇರೆಯಾಗಿ ಕೂರಿಸಿದ್ದರೆ ಧರ್ಮಸ್ಥಳದ ಎರಡು ಬಸ್ಸು ತುಂಬುತ್ತಿತ್ತು. ಬಾನೆಟ್ಟಿನ ಮೇಲೆ, ಹಿಂದಿನ ಕಂಬಿಗೆ, ಸ್ಪೀಕರಿನ ಪಕ್ಕ. ಗಿರಿಯ ತೊಡೆಯ ಮೇಲೆ ಯಾರೂ ಕೂತಿರಲಿಲ್ಲ ಎಂಬುದೊಂದೇ ಸಮಾಧಾನ. ಕಾಲ ಬೆರಳಲ್ಲೇ ಬ್ರೇಕು ಹುಡುಕಿಕೊಂಡು ಅವನು ತಿರುವುಗಳನ್ನು ಇಳಿಸಿದ. ಕೆಳಗಿನ ತಿರುವಿನಲ್ಲಿ, ಆ ಹೆಣ್ಣಾಳು ಬಿದ್ದ ಜಾಗದಲ್ಲಿ, ಬಿದಿರು ಮೆಳೆ ಅಲುಗಾಡಿತು. ಮಾತೆಲ್ಲ ನಿಂತಿತು. ಗಿರಿ ಜೀಪನ್ನು ನಿಲ್ಲಿಸಿದ: ತಾನು ಆನೆ ಇಲ್ಲ ಎಂದ ದಿನವೇ ಅದು ಬಂತೇ? ಮೆಳೆಯಿಂದ ಒಂದು ಕಾಡುಕೋಳಿ ಹಾರಿ ಅಡ್ಡ ಹೋಯಿತು. ಯಾರೂ ನಗಲಿಲ್ಲ.

ಸಮುದಾಯ ಭವನದಲ್ಲಿ ರೇಣುಕಪ್ರಸಾದರು ಆಗಲೇ ಮಾತಿಗೆ ನಿಂತಿದ್ದರು. “ದೇವರಮನೆ ಭಾಗದಲ್ಲಿ ದುರದೃಷ್ಟಕ್ಕೆ ಆನೆ ಹಾವಳಿ. ಆ ಕಡೆಯ ವಿದ್ಯಾರ್ಥಿ ಮಿತ್ರರು ಬರಲು ಆಗಿಲ್ಲ. ಅವರ ಸುರಕ್ಷತೆ ನಮಗೆ ಮುಖ್ಯ. ಇರುವವರಲ್ಲೇ ಆಯ್ಕೆ…”

ಹೊರಗೆ ಅವರದೇ ಜೀಪಿನ ಹಾರ್ನು ಕೇಳಿಸಿತು. ಬಾಗಿಲಿನಿಂದ ಒಬ್ಬರ ಹಿಂದೆ ಒಬ್ಬರು ಒಳಬಂದರು, ಬರುತ್ತಲೇ ಇದ್ದರು. ಅರ್ಚನಾ ಖಾಲಿ ಕುರ್ಚಿಗಳ ನಡುವೆ ಬಿಳಿಚಿದ ಮುಖ ಹೊತ್ತು ಕೂತಿದ್ದವಳು ಎದ್ದು ನಿಂತಳು. ರೇಣುಕಪ್ರಸಾದರು ಮಾತು ಅರ್ಧಕ್ಕೆ ಬಿಟ್ಟು ಕುರ್ಚಿಗೆ ಹೋಗಿ ಕೂತರು.

ಕೈ ಎತ್ತುವಾಗ ಎಣಿಸಬೇಕಾದ ಕಷ್ಟವೇನೂ ಬರಲಿಲ್ಲ. ದರ್ಶನ್ ಕೂಡ, ಪಾಪ, ಸುತ್ತ ನೋಡಿ ಗೊಂದಲಕ್ಕೆ ಬಿದ್ದು ಅರ್ಚನಾಳಿಗೇ ಅರ್ಧ ಕೈ ಎತ್ತಿದ ಎನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ರೇಣುಕಪ್ರಸಾದರು. ತಟ್ಟುತ್ತಿರುವಷ್ಟು ಹೊತ್ತೂ ಅವರ ಕಣ್ಣು ಬಾಗಿಲ ಬಳಿ ನಿಂತಿದ್ದ ಗಿರಿಯ ಮೇಲಿತ್ತು.

ಸಭೆ ಮುಗಿದ ಮೇಲೆ ಅರ್ಚನಾ ಜೀಪಿನ ಹತ್ತಿರ ಬಂದಳು. ಹಾರ ಕೈಯಲ್ಲಿತ್ತು.

“ದೀಪಶ್ರೀ ಎಲ್ಲ ಹೇಳಿದ್ಲು. ಕೂಗೋಕೆ ಅಂತಾನೇ ಹೋಗಿದ್ಯಾ ಅಪ್ಪ?”

ಗಿರಿ ಸ್ಟೇರಿಂಗ್ ಒರೆಸಿದ. ಆಮೇಲೆ ಹೇಳಿದ: “ಹೋಗಿದ್ದೆ.”

“ಕೂಗ್ತಿದ್ಯಾ?”

“ಗೊತ್ತಿಲ್ಲ ಮಗ. ವಾಪಸ್ ತಿರುಗಿಸ್ಕೊಂಡಿದ್ದಂತೂ ನಿಜ.”

ಅವಳು ಹಾರವನ್ನು ಸೀಟಿನ ಮೇಲಿಟ್ಟು ಪಕ್ಕದಲ್ಲಿ ಹತ್ತಿ ಕೂತಳು. “ಜೀಪಿನ ಕೀ ಇವತ್ತೇ ಕೊಟ್ಬಿಡು. ಅವ್ರು ಕೇಳೋವರೆಗೂ ಕಾಯ್ಬೇಡ.”

ಮಗಳನ್ನು ಮನೆಯಲ್ಲಿಳಿಸಿ ಗಿರಿ ಬಂಗಲೆಗೆ ಹೋದ. ಹೊತ್ತು ಮುಳುಗುತ್ತಿತ್ತು. ರೇಣುಕಪ್ರಸಾದರು ಜಗಲಿಯ ಕುರ್ಚಿಯಲ್ಲಿ ಚಪ್ಪಲಿ ಕಳಚಿ ಕೂತಿದ್ದರು. ಗಿರಿ ಕೀಯನ್ನು ಮೇಜಿನ ಮೇಲಿಟ್ಟ.

“ನನ್ನ ಜೀಪು. ನನ್ನ ಮೈಕು. ನನ್ನ ಡೀಸೆಲ್ಲು,” ಎಂದರು ಅವರು, ದನಿ ಎತ್ತದೆ.

“ಹೌದು ಸಾವ್ಕಾರ್ರೆ.”

“ಐವತ್ತು ವರ್ಷದಿಂದ ನಿಮ್ಮಪ್ಪನ್ನ, ನಿನ್ನನ್ನ ಇಟ್ಕೊಂಡಿದ್ದೀವಿ.”

“ಕೆಲಸ ಮಾಡ್ಕೊಂಡಿದ್ವಿ.”

“ಕೊಯ್ಲು ಮುಗಿಯೋವರೆಗೆ ಇರು. ಆಮೇಲೆ ಮನೆ…”

ಫೋನು ಹೊಡೆದುಕೊಂಡಿತು. ಚಿಕ್ಕಮಗಳೂರಿನಿಂದ ಪಕ್ಷದ ಜಿಲ್ಲಾ ಮಟ್ಟದ ದೊಡ್ಡವರು. ಅವರ ದನಿ ಗಿರಿಯದಕ್ಕೆ ಸಾಟಿಯಲ್ಲದಿದ್ದರೂ ಎದುರಿನವನಿಗೆ ಕೇಳಿಸುವಷ್ಟಿತ್ತು. ಲೈನ್ ಮನೆಯ ಹುಡುಗಿಯನ್ನು ಅಧ್ಯಕ್ಷೆ ಮಾಡಿದಿರಲ್ಲ, ಬಹಳ ಒಳ್ಳೆಯ ಸಂದೇಶ. ನಾಳೆ ರಾಜ್ಯದ ಮುಖಂಡರು ಬರುತ್ತಾರೆ, ಅವಳನ್ನು ವೇದಿಕೆಗೆ ಕರೆತನ್ನಿ, ತೋಟದ ಕೆಲಸದವರನ್ನು ನೀವು ಹೇಗೆ ನೋಡಿಕೊಳ್ಳುತ್ತೀರೆಂದು ಅವಳ ಬಾಯಿಂದಲೇ ಬರಲಿ. ರೇಣುಕಪ್ರಸಾದರು ‘ಆಯ್ತು, ಆಯ್ತು’ ಎನ್ನುತ್ತ ಹೋದಂತೆ ಕುರ್ಚಿಯ ಅಂಚಿಗೆ ಬಂದರು. ಫೋನಿಟ್ಟು ಸ್ವಲ್ಪ ಹೊತ್ತು ಕೀ ನೋಡಿದರು.

“ನಾಳೆ ಬೆಳಿಗ್ಗೆ ಮಗಳನ್ನ ಕಳಿಸು. ಏನು ಮಾತಾಡ್ಬೇಕು ಅಂತ ನಾನು ಹೇಳಿಕೊಡ್ತೀನಿ. ಇವತ್ತೇ ಅವಳಿಗೆ ಹೇಳಿಟ್ಟಿರು.”

“ಅದನ್ನ ನಾನು ಹೇಳಕ್ಕಾಗಲ್ಲ ಸಾವ್ಕಾರ್ರೆ,” ಎಂದ ಗಿರಿ. “ಅವಳ ಹತ್ರಾನೇ ಕೇಳ್ಬೇಕು. ಮನೇಲೇ ಇದ್ದಾಳೆ. ಲೈನಲ್ಲಿ ಕೊನೇದು.”

ರೇಣುಕಪ್ರಸಾದರು ಫೋನಿನ ಕಡೆ ನೋಡಿದರು. ಕೆಳಗೆ ದೀಪ ಹತ್ತಿಕೊಳ್ಳುತ್ತಿದ್ದ ಲೈನಿನ ಕಡೆ ನೋಡಿದರು. ಆಮೇಲೆ ಕುರ್ಚಿಯ ಅಡಿಯಲ್ಲಿ ಕಾಲಾಡಿಸುತ್ತ ಚಪ್ಪಲಿ ಹುಡುಕತೊಡಗಿದರು.